ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಅಂಗಡಿಯವನು ಬಿಸ್ಕತ್ತಿನ ಪೊಟ್ಟಣ ಮುಂದಿಟ್ಟದ್ದೇ ತಡ, ಗಡಿಯಾರದಯ್ಯ ಅದನ್ನು ಬೋರಲು ಹಾಕಿದ. ಅಂಗಿಯ ಜೇಬಿನಿಂದ ತನ್ನ ಕಸುಬಿನ ಭೂತಕನ್ನಡಿ ತೆಗೆದು ಬಲಗಣ್ಣಿಗೆ ಸಿಕ್ಕಿಸಿಕೊಂಡು, ಪೊಟ್ಟಣದ ಬೆನ್ನ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಅವರಲ್ಲೊಬ್ಬಾಕೆ ಬಿಟ್ಟ ನಿಟ್ಟುಸಿರು ಅವನ ಕತ್ತಿಗೇ ತಾಗಿತು.

"ಬಿಸ್ಕತ್ತು ಸ್ವಾಮಿ ಅದು, ಆಸ್ತಿ ಪತ್ರ ಅಲ್ಲ," ಎಂದ ಅಂಗಡಿಯವನು.

"ಗೊತ್ತು ಕಣಯ್ಯ. ಆಸ್ತಿ ಪತ್ರ ಆಗಿದ್ರೆ ಇಷ್ಟು ಓದ್ತಿರ್ಲಿಲ್ಲ."

ಹನ್ನೊಂದನೆಯ ಪದದ ಹತ್ತಿರ ಅವನ ಕಣ್ಣು ನಿಂತಿತು. ಪೊಟ್ಟಣವನ್ನು ಹಿಂದಕ್ಕೆ ತಳ್ಳಿ ಬರಿಗೈಯಲ್ಲಿ ಹೊರಬಿದ್ದ. ಮಾಡಿ ಮಾರುವವರ ಬುದ್ಧಿಯೇ ಅಷ್ಟು. ಹೊಗಳಿಕೊಳ್ಳುವುದನ್ನು ಮುಂದುಗಡೆ ಗೇಣುದ್ದ ಬರೆಯುತ್ತಾರೆ, ಹೇಳಲೇಬೇಕಾದದ್ದನ್ನು ಹಿಂದುಗಡೆ ಇರುವೆ ಗಾತ್ರದಲ್ಲಿ ಬರೆಯುತ್ತಾರೆ. ಏಳು ತಿಂಗಳಿನಿಂದ ಅವನು ಆ ಇರುವೆಗಳ ಜೊತೆಯೇ ಸಂಸಾರ ಮಾಡುತ್ತಿದ್ದ. ಸಾಕು ಸಾಕಾಗಿ ಹೋಗಿತ್ತು.

ಬೀದಿಯ ತಿರುವಿನಲ್ಲಿ, ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲದ ಅಂಗಡಿ ಅವನದು. ಮೂವತ್ತು ವರ್ಷದಿಂದ ಗಡಿಯಾರ ಬಿಚ್ಚಿ ಕಟ್ಟುವುದೇ ಕೆಲಸ, ಹಾಗಾಗಿ ಎಲ್ಲರಿಗೂ ಗಡಿಯಾರದಯ್ಯ. ಹೆಂಡತಿ ಟೈರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಿರಿಯ ಅಡುಗೆಯವಳು. ಇಪ್ಪತ್ತಾರು ವರ್ಷದಿಂದ ದಿನವೂ ಆರುನೂರು ಜನಕ್ಕೆ ಬೇಯಿಸಿ ಹಾಕಿದವಳು. ಅಲ್ಲಿ ಅವಳ ಹೆಸರು ದೊಡ್ಡ ಸೌಟು. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗನ್ನುತ್ತಿದ್ದರು. ಅವಳಿಗೂ ಅದು ಇಷ್ಟವೇ.

ಏಳು ತಿಂಗಳ ಹಿಂದೆ ಅವಳ ಮೊಣಕೈ ಮಡಿಕೆಯಲ್ಲಿ ಕೆಂಪು ದದ್ದು ಎದ್ದಿತು. ಒಲೆಯ ಶಾಖ ಎಂದುಕೊಂಡರು. ಆಮೇಲೆ ಕತ್ತಿಗೆ ಬಂತು, ತುಟಿ ಊದಿತು. ಒಂದು ಮಧ್ಯಾಹ್ನ ಕೊಪ್ಪರಿಗೆಯ ಮುಂದೆ ನಿಂತವಳಿಗೆ ಗಂಟಲು ಬಿಗಿದು ಉಸಿರು ಸಿಳ್ಳೆ ಹಾಕತೊಡಗಿತು. ಕಾರ್ಖಾನೆಯ ಗಾಡಿಯಲ್ಲೇ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಜೀವ ಉಳಿಸಿ, ವಾರ ಬಿಟ್ಟು ಅಲರ್ಜಿಯ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಡಾಕ್ಟರಮ್ಮ ಅವಳ ಮುಂಗೈ ಮೇಲೆ ಸಾಲಾಗಿ ಹದಿನಾಲ್ಕು ಹನಿ ಇಟ್ಟು ಒಂದೊಂದನ್ನೂ ಸೂಜಿಯಿಂದ ಚುಚ್ಚಿದರು. ಕಾಲು ಗಂಟೆಯಲ್ಲಿ ಒಂಬತ್ತನೆಯದು ಮಾತ್ರ ಊದಿಕೊಂಡಿತು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಯೀಸ್ಟು.

"ಹಿಟ್ಟು ಉಬ್ಬಿಸೋಕೆ ಹಾಕ್ತಾರಲ್ಲ, ಅದೇ," ಎಂದರು ಡಾಕ್ಟರಮ್ಮ. "ಅದೊಂದು ಸಣ್ಣ ಜೀವ. ಎಲ್ಲರ ಹೊಟ್ಟೆಗೂ ಹೋಗುತ್ತೆ, ಯಾರಿಗೂ ಏನೂ ಮಾಡಲ್ಲ. ನಿಮ್ಮ ಮೈ ಮಾತ್ರ ಅದನ್ನ ಶತ್ರು ಅಂತ ತಿಳ್ಕೊಂಡಿದೆ. ಇದು ಅಪರೂಪ, ಆದರೆ ಇದೆ. ಬ್ರೆಡ್ಡು, ಬನ್ನು ಬೇಡ. ವಿನೆಗರ್, ಸೋಯಾ ಸಾಸ್, ಹುದುಗು ಬರಿಸಿದ್ದು ಯಾವುದೂ ಬೇಡ. ಬೇಯಿಸಿದ್ರೆ ಅದು ಸಾಯುತ್ತೆ ನಿಜ, ಆದ್ರೆ ನಿಮ್ಮ ಮೈಗೆ ಆಗದ ಅಂಶ ಅದರಲ್ಲಿ ಹಾಗೇ ಉಳಿಯುತ್ತೆ. ರುಚಿ ಬರಲಿ ಅಂತ ಯೀಸ್ಟಿನ ಸಾರ ತೆಗೆದು ಎಲ್ಲೆಲ್ಲೋ ಸೇರಿಸ್ತಾರೆ. ಪೊಟ್ಟಣ ಓದದೆ ಏನೂ ತಿನ್ನಬೇಡಿ. ತಿಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ."

ಜೊತೆಗೆ ಪೆನ್ನಿನಂಥ ಒಂದು ಚುಚ್ಚುಮದ್ದು ಕೊಟ್ಟರು. ಗಂಟಲು ಬಿಗಿದರೆ ತೊಡೆಗೆ ಒತ್ತಿ ಹಿಡಿಯಬೇಕು, ಒತ್ತಿದ ಮೇಲೂ ಆಸ್ಪತ್ರೆಗೆ ಓಡಲೇಬೇಕು, ಅದನ್ನು ಬಿಟ್ಟು ಹೊಸಿಲು ದಾಟಬಾರದು.

ಅಂದಿನಿಂದ ಮನೆಯ ಅಡುಗೆ ಗಡಿಯಾರದಯ್ಯನ ಪಾಲಿಗೆ ಬಂತು. ಬೆಳಗಿನ ಐದಕ್ಕೆ ಹೋದವಳು ಸಂಜೆ ನಾಲ್ಕಕ್ಕೆ ಕಾಲು ಎಳೆದುಕೊಂಡು ಬರುತ್ತಾಳೆ, ಅವಳ ಕೈಯಲ್ಲಿ ಮತ್ತೆ ಸೌಟು ಕೊಡುವುದು ಹೇಗೆ? ಅವನು ಒಂದು ಭಾನುವಾರ ಅಡುಗೆಮನೆಯ ಕಪಾಟನ್ನು ಗಡಿಯಾರ ಬಿಚ್ಚಿದ ಹಾಗೆ ಬಿಚ್ಚಿದ. ಬಾಟಲಿ, ಡಬ್ಬ, ಪೊಟ್ಟಣ ಎಲ್ಲ ನೆಲದ ಮೇಲೆ ಹರಡಿ, ಭೂತಕನ್ನಡಿಯಲ್ಲಿ ಓದಿ, ಅನುಮಾನ ಬಂದದ್ದನ್ನೆಲ್ಲ ಚೀಲಕ್ಕೆ ತುಂಬಿ ಆಚೆ ಇಟ್ಟ. ಮಹಡಿಯ ಕೋಣೆಯಲ್ಲಿದ್ದ ಅವನ ಅಕ್ಕ ಮೆಟ್ಟಿಲ ಮೇಲೆ ಕುಳಿತು ಇದನ್ನು ನೋಡುತ್ತಿದ್ದಳು.

"ಇದು ಪಿತ್ತದ ಗಂಧೆ ಕಣೋ. ನಮ್ಮ ಕಾಲದಲ್ಲಿ ಕಂಬಳಿ ಹೊದ್ದು ಮಲಗಿದ್ರೆ ಹೋಗ್ತಿತ್ತು," ಎಂದಳು.

"ಗಂಟಲು ಮುಚ್ಚಿಕೊಂಡ್ರೂ ಕಂಬಳಿನೇನಕ್ಕ?"

"ನಾನೇನು ಡಾಕ್ಟರಾ? ಅನ್ನಿಸಿದ್ದು ಹೇಳ್ದೆ." ಚೀಲದಲ್ಲಿದ್ದ ಜಾಮಿನ ಬಾಟಲಿಯನ್ನು ಮೆಲ್ಲಗೆ ಎತ್ತಿಕೊಂಡು ಮಹಡಿ ಹತ್ತಿದಳು. ಅಕ್ಕನಿಗೆ ತರ್ಕ ಕಡಿಮೆ, ನಾಲಿಗೆ ಚುರುಕು.

ಪ್ರತಿ ಸಂಜೆ ಹೆಂಡತಿ ಹೇಳುವುದು, ಅವನು ಪುಸ್ತಕದಲ್ಲಿ ಬರೆಯುವುದು. ಬೆಳಿಗ್ಗೆ ಗಂಜಿ. ಮಧ್ಯಾಹ್ನ ಡಬ್ಬಿಯ ಅನ್ನ, ಬೇಯಿಸಿದ ತರಕಾರಿ. ಕ್ಯಾಂಟೀನಿನಲ್ಲಿ? ಏನೂ ಇಲ್ಲ. ನೀರು? ಮನೆಯದೇ. ಅವನ ಕೈಬರಹ ಸಣ್ಣದು, ಅಚ್ಚುಕಟ್ಟು. ಮೊದಲ ತಿಂಗಳು ದದ್ದು ಅರ್ಧಕ್ಕೆ ಇಳಿದಾಗ ಅವನಿಗೆ ಯುದ್ಧ ಗೆದ್ದ ಖುಷಿಯಾಯಿತು. ಆದರೆ ಅಲ್ಲಿಗೇ ನಿಂತಿತು. ವಾರಕ್ಕೆರಡು ಸಲ, ಮೂರು ಸಲ, ಕತ್ತಿನ ಮೇಲೆ, ಕಂಕುಳಲ್ಲಿ, ಬೆನ್ನಿನಲ್ಲಿ ಎದ್ದೇ ಏಳುತ್ತಿತ್ತು. ಮೂರನೆಯ ತಿಂಗಳಲ್ಲಿ ಗಂಟಲೂ ಇನ್ನೊಂದು ಸಲ ಬಿಗಿಯಿತು, ಸಂಜೆ, ಮನೆಯಲ್ಲೇ. ಅವನು ಅವಳ ತೊಡೆಗೆ ಪೆನ್ನು ಒತ್ತಿ, ಆಟೋ ಹಿಡಿದು ಆಸ್ಪತ್ರೆಗೆ ಓಡಿದ. ವಾಪಸು ಬಂದ ಮೇಲೆ ಎರಡು ದಿನ ಅವನ ಕೈಗೆ ಒಂದು ಸಣ್ಣ ತಿರುಪೂ ನಿಲ್ಲಲಿಲ್ಲ.

ಗಡಿಯಾರ ಹಿಂದೆ ಬಿದ್ದರೆ ಅವನಿಗೆ ದಾರಿ ಗೊತ್ತು. ಒಂದೊಂದೇ ಭಾಗ ತೆಗೆದು, ಒರೆಸಿ, ಇದಲ್ಲ ಎಂದು ಪಕ್ಕಕ್ಕಿಡುತ್ತ ಹೋಗಬೇಕು. ಊಟಕ್ಕೂ ಅದನ್ನೇ ಮಾಡಿದ. ಟೊಮ್ಯಾಟೊ ತೆಗೆದ. ಒಣ ದ್ರಾಕ್ಷಿ, ಅಣಬೆ, ಮೊಸರು ತೆಗೆದ. ಪಾತ್ರೆ ತಿಕ್ಕುವ ನಾರಿನ ಮೇಲೆ ಅನುಮಾನ ಬಂದು ಅದನ್ನೂ ಬದಲಿಸಿದ. ಅಂಗಡಿಯಲ್ಲಿ ಟೀ ಜೊತೆ ತಿನ್ನುತ್ತಿದ್ದ ಬನ್ನು ತನ್ನ ಬೆರಳಿನಿಂದ ಅವಳ ತಟ್ಟೆಗೆ ದಾಟುತ್ತಿರಬಹುದೇ ಎಂದು ಅದನ್ನೂ ಬಿಟ್ಟ. ಆರನೆಯ ತಿಂಗಳಿಗೆ ಆ ಮನೆಯಲ್ಲಿ ಉಳಿದದ್ದು ಅನ್ನ, ಕುಂಬಳಕಾಯಿ, ಹುರುಳಿಕಾಯಿ, ಉಪ್ಪು. ಅವಳಿಗೊಂದು ತನಗೊಂದು ಮಾಡಲು ತ್ರಾಣವಿಲ್ಲದೆ ಅವನೂ ಅದನ್ನೇ ತಿಂದ. ಅಕ್ಕ ಒಂದು ವಾರ ನೋಡಿ, ಬೀದಿಯ ಕೊನೆಯ ಹೋಟೆಲಿಗೆ ತಿಂಗಳ ಊಟಕ್ಕೆ ಹೇಳಿಕೊಂಡಳು.

ಒಂದು ಸಂಜೆ ಕುಂಬಳಕಾಯಿ ಹೆಚ್ಚುತ್ತ, ಹೆಂಡತಿ ಒಂದು ವಾರ ಎಲ್ಲಿಗಾದರೂ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಅದೇ ಹೊತ್ತಿಗೆ ಅವಳು ಒಳಗೆ ಬಂದು, ಅವನ ಪಕ್ಕ ಕುಳಿತು ಕಾಲು ಒತ್ತಿಕೊಂಡಳು. ಕತ್ತಿನ ಮೇಲೆ ಹೊಸ ದದ್ದು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಏಳನೆಯ ತಿಂಗಳು ಡಾಕ್ಟರಮ್ಮ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು.

"ಪುಸ್ತಕ ತೊಳೆದ ಮುತ್ತಿನ ಹಾಗಿದೆ. ಮೈ ಹಾಗಿಲ್ಲ," ಎಂದರು. "ಏನೋ ಒಳಗೆ ಹೋಗ್ತಿದೆ. ಕ್ಯಾಂಟೀನಲ್ಲಿ ಏನಾದ್ರೂ ತಿಂತೀರಾ ಅಮ್ಮ?"

"ಒಂದು ಅಗುಳೂ ಇಲ್ಲ ಡಾಕ್ಟ್ರೇ. ಡಬ್ಬಿ ಹೊರತು ಏನೂ ಮುಟ್ಟಲ್ಲ. ಬೇಕಾದ್ರೆ ಅಲ್ಲಿ ಯಾರನ್ನಾದ್ರೂ ಕೇಳಿ."

"ನಮ್ಮವಳು ಸುಳ್ಳು ಹೇಳೋವಳಲ್ಲ," ಎಂದ ಗಡಿಯಾರದಯ್ಯ, ಸ್ವಲ್ಪ ಬಿರುಸಾಗಿಯೇ.

"ಸುಳ್ಳು ಅಂತ ನಾನೆಲ್ಲಿ ಅಂದೆ? ಎರಡು ಸಲ ಗಂಟಲಿಗೆ ಬಂದಿದೆ. ಮೂರನೇ ಸಲ ನಿಮಗೆ ಆಟೋ ಹಿಡಿಯೋಷ್ಟು ಸಮಯ ಕೊಡುತ್ತೆ ಅಂತ ನಾನು ಹೇಳಲಾರೆ. ಅದು ಸಿಗೋವರೆಗೆ ಹುಡುಕಲೇಬೇಕು."

ಮನೆಗೆ ಬರುವ ಬಸ್ಸಿನಲ್ಲಿ, ಇನ್ನು ತೆಗೆಯಲು ಏನಿದೆ, ಅನ್ನವೊಂದೇ ಎಂದು ಅವನು ಯೋಚಿಸುತ್ತಿದ್ದ.

ಎರಡು ದಿನದ ಮೇಲೆ ಅವಳು ಚುಚ್ಚುಮದ್ದಿನ ಪೆನ್ನನ್ನು ಮೇಜಿನ ಮೇಲೆಯೇ ಮರೆತು ಹೋದಳು. ಗಡಿಯಾರದಯ್ಯ ಅಂಗಡಿಯ ಬಾಗಿಲು ಅರ್ಧ ಎಳೆದು, ಅದನ್ನು ಹಿಡಿದುಕೊಂಡು ಕಾರ್ಖಾನೆಗೆ ಹೋದ. ಕ್ಯಾಂಟೀನಿನ ಹಿಂಬಾಗಿಲಲ್ಲಿ ಈರುಳ್ಳಿ ಚೀಲಗಳ ಪಕ್ಕ ನಿಂತಾಗ ಹತ್ತು ಗಂಟೆ. ಮದುವೆಯಾಗಿ ಮೂವತ್ತು ವರ್ಷವಾದರೂ ಅವಳು ಅಲ್ಲಿ ಕೆಲಸ ಮಾಡುವುದನ್ನು ಅವನು ನೋಡಿರಲಿಲ್ಲ. ಅವಳ ಕೆಲಸದ ಹೊತ್ತು ಅವನಿಗೂ ಕೆಲಸದ ಹೊತ್ತೇ.

ಐದು ಕೊಪ್ಪರಿಗೆಗಳು ಒಲೆಗಳ ಮೇಲೆ ಕುದಿಯುತ್ತಿದ್ದವು. ಅವುಗಳ ನಡುವೆ ಅವನ ಹೆಂಡತಿ, ಮನೆಯಲ್ಲಿ ಕಾಲು ಎಳೆಯುವ ಅದೇ ಹೆಂಡತಿ, ಇಪ್ಪತ್ತರ ಹುಡುಗಿಯ ಹಾಗೆ ಓಡಾಡುತ್ತಿದ್ದಳು. ಮೊದಲ ಕೊಪ್ಪರಿಗೆಯಲ್ಲಿ ಸೌಟು ಅದ್ದಿದಳು, ಎಡ ಅಂಗೈಗೆ ಒಂದು ಹನಿ ಬಿಟ್ಟುಕೊಂಡಳು, ನಾಲಿಗೆಗೆ ಹಚ್ಚಿದಳು, "ಉಪ್ಪು ಒಂದು ಹಿಡಿ" ಎಂದಳು. ಎರಡನೆಯದಕ್ಕೆ ಹೋದಳು. ಹನಿ, ಅಂಗೈ, ನಾಲಿಗೆ. "ಇದು ಸರಿ, ಉರಿ ತಗ್ಸಿ." ಮೂರನೆಯದು. ಮತ್ತೆ ಮೊದಲನೆಯದು.

ಗಡಿಯಾರದಯ್ಯನಿಗೆ ಟಿಕ್ ಟಿಕ್ ಎಣಿಸಿ ರೂಢಿ. ತನಗೆ ತಿಳಿಯದೆಯೇ ಎಣಿಸತೊಡಗಿದ. ಇಪ್ಪತ್ತು ನಿಮಿಷದಲ್ಲಿ ಹದಿನೇಳು ಸಲ. ಒಲೆಯ ಪಕ್ಕದ ಹಲಗೆಯ ಮೇಲೆ ಮೊಣಕಾಲೆತ್ತರದ ಒಂದು ತಗಡಿನ ಡಬ್ಬ ಇತ್ತು, ಒಳಗೆ ಕಂದು ಬಣ್ಣದ ಸೂಪಿನ ಪುಡಿ. ಅವನು ಭೂತಕನ್ನಡಿ ಹಚ್ಚಿ ಬಗ್ಗಿದ. ಹುಡುಕುವ ಕಷ್ಟವನ್ನೂ ಅದು ಕೊಡಲಿಲ್ಲ. ಉಪ್ಪು, ಸಕ್ಕರೆ, ಯೀಸ್ಟಿನ ಸಾರ. ಮೂರನೆಯ ಪದವೇ ಅದು.

"ಅಯ್ಯೋ, ನೀವ್ಯಾಕ್ರೀ ಬಂದ್ರಿ?" ಎಂದು ಅವಳು ತಿರುಗಿದಳು.

"ಏನೇ ಮಾಡ್ತಿದೀಯ ನೀನು?"

"ಅಡುಗೆ. ಇನ್ನೇನು?"

"ಬಾಯಿಗೆ ಹಾಕ್ಕೊಂಡೆಯಲ್ಲ! ಈಗ, ನನ್ನ ಕಣ್ಣೆದುರಿಗೆ!"

"ಎಲ್ಲಿ ಹಾಕ್ಕೊಂಡೆ? ರುಚಿ ನೋಡ್ದೆ."

"ಅದು ತಿಂದ ಹಾಗಲ್ವಾ?"

ಅವಳು ಅವನನ್ನೇ ನೋಡಿದಳು. ಮುಖದಲ್ಲಿ ಕಪಟವಿರಲಿಲ್ಲ. ನೆಲ ಒರೆಸಿದ್ದಕ್ಕೆ ಸ್ನಾನ ಮಾಡಿದೆಯಾ ಎಂದು ಕೇಳಿದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದಳು. ಪಕ್ಕದಲ್ಲಿದ್ದ ಎರಡನೇ ಅಡುಗೆಯವನು, ನಲವತ್ತು ದಾಟಿದ ಸಾಧು ಮನುಷ್ಯ, ಅವಳ ಪರ ವಹಿಸಿದ. "ರುಚಿ ನೋಡೋದು ಕೆಲಸ ಸಾರ್, ಊಟ ಅಲ್ಲ. ನಾವ್ಯಾರೂ ಅದನ್ನ ತಿಂದ ಲೆಕ್ಕಕ್ಕೆ ಹಿಡಿಯಲ್ಲ." ತರಕಾರಿ ಹೆಚ್ಚುವ ಹೆಂಗಸರೂ ತಲೆಯಾಡಿಸಿದರು. ಆ ಅಡುಗೆಮನೆಯಲ್ಲಿ ರುಚಿ ನೋಡುವುದು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಗಡಿಯಾರದಯ್ಯ ಒಂದು ಈರುಳ್ಳಿ ಚೀಲದ ಮೇಲೆ ಕುಳಿತ. ಹನಿ ಹನಿಗೂಡಿದರೆ ಹಳ್ಳ. ದಿನಕ್ಕೆ ಒಂದು ಬಟ್ಟಲು ಸೂಪಾದರೂ ಹೀಗೆ ಅಂಗೈ ಮೇಲಿಂದಲೇ ಇಳಿದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇವನಿಗೆ ಭೂತಕನ್ನಡಿ ಹಿಡಿದು ಊರೆಲ್ಲ ತಿರುಗಿದರೂ ಕಂಡಿರಲಿಲ್ಲ. ಅಡುಗೆಯವಳ ಗಂಡ, ಅಡುಗೆಯವರು ರುಚಿ ನೋಡುತ್ತಾರೆಂಬುದು ಒಮ್ಮೆಯೂ ಹೊಳೆಯಲಿಲ್ಲವಲ್ಲ! ಅವನಿಗೆ ಕೋಪ ಬರಬೇಕಿತ್ತು. ಇಷ್ಟು ದಿನ ತಿಂದ ಕುಂಬಳಕಾಯಿ ನೆನಪಾಗಿ ಅಳುವೂ ನಗುವೂ ಒಟ್ಟಿಗೇ ಬಂದವು. ಪೆನ್ನನ್ನು ಅವಳ ಕೈಗೆ ಕೊಟ್ಟು ಡಾಕ್ಟರಮ್ಮನಿಗೆ ಫೋನು ಮಾಡಿದ.

"ನಾಲಿಗೆಗೆ ತಾಗಿದ್ರೂ ತಿಂದಂತೇ," ಎಂದರು ಡಾಕ್ಟರಮ್ಮ ಫೋನಿನಲ್ಲಿ. "ನಾನೂ ಕೇಳಬೇಕಿತ್ತು. ತಿಂತೀರಾ ಅಂತ ಕೇಳ್ದೆ, ರುಚಿ ನೋಡ್ತೀರಾ ಅಂತ ಕೇಳಲಿಲ್ಲ. ಆ ಪುಡಿ ಗಾಳೀಲಿ ಹಾರಿದ್ರೆ ಮೂಗಿಗೂ ಹೋಗುತ್ತೆ, ಬಟ್ಟೆ ಕಟ್ಟಿಕೊಳ್ಳಲಿ," ಎಂದರು.

ಅವಳು ರುಚಿ ನೋಡುವುದನ್ನು ನಿಲ್ಲಿಸಿದಳು. ಹತ್ತೇ ದಿನದಲ್ಲಿ ಅವಳ ಮೈ ಮಗುವಿನ ಮೈಯಂತಾಯಿತು. ಗಡಿಯಾರದಯ್ಯ ಮೊಸರು ತಂದ, ಟೊಮ್ಯಾಟೊ ತಂದ, ಒಂದೊಂದಾಗಿ ಎಲ್ಲ ವಾಪಸು ಬಂತು. ಅಕ್ಕ ಹೋಟೆಲಿನ ಊಟ ಬಿಟ್ಟು ಕೆಳಗಿಳಿದು ಬಂದಳು. ಬನ್ನು ಮಾತ್ರ ಅವನು ಮತ್ತೆ ಮುಟ್ಟಲಿಲ್ಲ, ಅವಳು ಮೊದಲೆಲ್ಲ ಕ್ಯಾಂಟೀನಿನಿಂದ ತರುತ್ತಿದ್ದ ಪುಡಿ ಹಾಕಿದ ಸೂಪೂ ಇಲ್ಲ. ಅವಳಿಗಿಲ್ಲದ್ದು ತನಗೇಕೆ ಎನ್ನುವ ಹಟ.

ಆದರೆ ಕ್ಯಾಂಟೀನಿನಲ್ಲಿ ಬೇರೆಯೇ ಕಥೆ. ಈಗ ರುಚಿ ನೋಡುವವನು ಎರಡನೇ ಅಡುಗೆಯವನು. ಮನುಷ್ಯ ದೇವರಂಥವನು, ನಾಲಿಗೆ ಮರದ್ದು. ಏನು ಕೊಟ್ಟರೂ "ಪರವಾಗಿಲ್ಲಮ್ಮ" ಎನ್ನುತ್ತಿದ್ದ. ಉಪ್ಪಿಲ್ಲದ್ದೂ ಪರವಾಗಿಲ್ಲ, ಉಪ್ಪು ಸುರಿದದ್ದೂ ಪರವಾಗಿಲ್ಲ. ಮೂರನೆಯ ವಾರಕ್ಕೆ, ತುಂಬಿದ ತಟ್ಟೆಗಳು ಹಾಗೇ ವಾಪಸು ಬರತೊಡಗಿದವು. ಮ್ಯಾನೇಜರು ಅವಳನ್ನು ಕರೆಸಿ, ಒಳ್ಳೆಯ ಮಾತಿನಲ್ಲೇ, ಉಗ್ರಾಣ ನೋಡಿಕೊಳ್ಳಿ ಎಂದರು. ಕುರ್ಚಿ ಇರುತ್ತೆ, ಫ್ಯಾನು ಇರುತ್ತೆ, ಸಾಮಾನು ತೆಗೆದುಕೊಟ್ಟರೆ ಆಯಿತು. ತಿಂಗಳ ಕೊನೆಯವರೆಗೆ ಯೋಚಿಸಿ ಹೇಳಿ.

ಮನೆಗೆ ಬಂದು ಇದನ್ನು ಹೇಳುವಾಗ ಅವಳ ದನಿ ಬೇರೆ ಯಾರದೋ ವಿಷಯ ಹೇಳಿದಂತಿತ್ತು.

"ಒಳ್ಳೇದಾಯ್ತಲ್ಲ. ಕಾಲಿಗೂ ವಿಶ್ರಾಂತಿ," ಎಂದ ಗಡಿಯಾರದಯ್ಯ.

ಅವಳು ಎದ್ದು ಹೋದಳು.

ಆ ವಾರದ ಶುಕ್ರವಾರ ರಾತ್ರಿ ಅವಳು ಕನ್ನಡಿ ಮುಂದೆ ತಲೆ ಬಾಚಿಕೊಳ್ಳಲು ಕೂದಲು ಎತ್ತಿದಾಗ ಅವನಿಗೆ ಕತ್ತಿನ ಹಿಂದೆ ಕಂಡಿತು. ಮೂರು ಕೆಂಪು ದದ್ದು, ಹೊಸವು. ಅವನು ಪುಸ್ತಕ ತೆಗೆದ. ಆ ದಿನದ್ದನ್ನು ಅವಳೇ ಹೇಳಿ ಬರೆಸಿದ್ದಳು. ಕ್ಯಾಂಟೀನಿನಲ್ಲಿ: ಏನೂ ಇಲ್ಲ.

"ಮೊದಲು ಗೊತ್ತಿರಲಿಲ್ಲ, ಒಪ್ಪಿದೆ. ಈಗ?" ಅವನು ಪುಸ್ತಕವನ್ನು ಅವಳ ಮುಂದೆ ಹಿಡಿದ. "ಈಗ ಗೊತ್ತಿದ್ದೂ ಸುಳ್ಳು ಬರೆಸಿದೀಯ. ನನ್ನ ಕೈಯಿಂದಲೇ ಬರೆಸಿದೀಯ."

ಅವಳು ಬಾಚಣಿಗೆ ಕೆಳಗಿಟ್ಟಳು. "ಹೌದು. ಮೂರು ದಿನದಿಂದ ರುಚಿ ನೋಡ್ತಿದೀನಿ. ಯಾರಿಗೂ ಕಾಣದ ಹಾಗೆ."

"ಸಾಯ್ತೀಯ ಕಣೇ!"

"ಗೊತ್ತು."

"ಗೊತ್ತು ಅಂತೀಯಲ್ಲ ತಣ್ಣಗೆ! ನಂಗೆ ಸುಸ್ತಾಗಿದೆ. ನಿನ್ನ ಕತ್ತು ನೋಡಿ ನೋಡಿ, ಅಕ್ಷರ ಓದಿ ಓದಿ, ನಿನ್ನ ಉಸಿರು ಕೇಳ್ತಾ ಕೇಳ್ತಾ ಸುಸ್ತಾಗಿದೆ. ಉಗ್ರಾಣದಲ್ಲಿ ಕೂತ್ರೆ ನಿನ್ನ ಗಂಟೇನು ಹೋಗುತ್ತೆ?"

"ನಾಳೆ ನಿಮ್ಮ ಕಣ್ಣಿಗೆ ಬಟ್ಟೆ ಕಟ್ತೀನಿ," ಎಂದಳು ಅವಳು. "ಒಂದು ಕೈಗಡಿಯಾರ ಬಿಚ್ಚಿ ಜೋಡಿಸಿ. ಪಕ್ಕದಲ್ಲಿ ಒಬ್ಬ ನಿಂತ್ಕೊಂಡು 'ಪರವಾಗಿಲ್ಲ ಸಾರ್, ಪರವಾಗಿಲ್ಲ ಸಾರ್' ಅಂತಿರ್ಲಿ. ಆಮೇಲೆ ಗಿರಾಕಿ ಬಂದು ನಿಮ್ಮ ಮುಂದೆ ಅದನ್ನ ಎಸೀಲಿ. ಆಗ ಹೇಳಿ ನನ್ನ ಗಂಟೇನು ಹೋಯ್ತು ಅಂತ."

ತನ್ನ ಕಣ್ಣು ಹೋದರೆ ತಾನು ಏನು ಎಂದು ಅವನು ಆವರೆಗೆ ಯೋಚಿಸಿರಲಿಲ್ಲ. ಯೋಚಿಸಿದ ಮೇಲೆ ಅವಳ ಮೇಲಿನ ಕೋಪ ಇಳಿಯಿತು, ಹೆದರಿಕೆ ಹಾಗೇ ಉಳಿಯಿತು. ಇಬ್ಬರೂ ಮಂಚದ ಅಂಚಿನಲ್ಲಿ ಬಸ್ಸು ತಪ್ಪಿದವರಂತೆ ಕುಳಿತರು.

ಅವನು ಕೇಳಿದ, "ಆ ಪುಡಿ ಯಾವಾಗ ಹಾಕ್ತೀಯ?"

"ಮೊದಲೇ. ಈರುಳ್ಳಿ ಬಾಡೋವಾಗ."

"ಅಂದ್ರೆ ಆಮೇಲೆ ನೋಡಿದ ರುಚಿಯಲ್ಲೆಲ್ಲ ಅದು ಇರುತ್ತೆ."

"ಇರದೆ?"

"ಕೊನೆಗೆ ಹಾಕಿದ್ರೆ?"

"ಕೊನೆಗೆ ಹಾಕಿದ್ರೆ ಹಸಿ ವಾಸನೆ ಹೊಡೆಯುತ್ತೆ. ಯಾರು ತಿಂತಾರೆ?" ಎಂದು ಗದರಿದವಳು ಅಲ್ಲಿಗೇ ನಿಂತಳು. ಅವಳ ಬೆರಳುಗಳು ತೊಡೆಯ ಮೇಲೆ ಏನನ್ನೋ ಎಣಿಸುತ್ತಿದ್ದವು. "ಪುಡೀನ ಬಿಸಿನೀರಲ್ಲಿ ಕದಡಿ ಹಾಕಿ, ಹತ್ತು ನಿಮಿಷ ಕುದಿಸಿದ್ರೆ... ಆದ್ರೆ ಅದರಲ್ಲೇ ಉಪ್ಪಿದೆ. ಮೊದಲು ನಾನು ಉಪ್ಪು ಹಿಡಿದು ಹಾಕ್ಬೇಕು. ಸಪ್ಪೆ ಇರೋವಾಗ್ಲೇ ನಿಲ್ಲಿಸ್ಬೇಕು. ಎಷ್ಟು ಸಪ್ಪೆ ಅಂತ ಗೊತ್ತಾಗ್ಬೇಕು."

"ಅಲ್ಲೀವರೆಗೆ ನಿನ್ನ ನಾಲಿಗೆ. ಅದಾದ ಮೇಲೆ ಅಳತೆ."

"ಅಳತೆ," ಎಂದಳು ಅವಳು, ಆ ಪದ ಕಹಿಯಿದ್ದಂತೆ. "ಕೊನೇ ರುಚಿ ನಂಗೆ ಯಾವತ್ತೂ ಗೊತ್ತಾಗಲ್ಲ."

"ಇಲ್ಲ. ಗೊತ್ತಾಗಲ್ಲ."

ಹಾಗೆ ಹೇಳುವಾಗ ಅವನಿಗೆ ಸಂಕಟವಾಯಿತು. ಆದರೂ ಹೇಳಿದ. ಅವಳು ಅತ್ತಳು. ಏಳೆಂಟು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲು.

ಡಾಕ್ಟರಮ್ಮ ಸುಲಭಕ್ಕೆ ಒಪ್ಪಲಿಲ್ಲ. ಪುಡಿ ಬೀಳುವ ಮೊದಲಷ್ಟೇ ರುಚಿ ನೋಡಬೇಕು, ಅದಕ್ಕೆ ಬೇರೆ ಸೌಟು, ಬೇರೆ ಹಲಗೆ, ಪೆನ್ನು ಸೊಂಟದಲ್ಲಿ, ಬಳಸುವುದನ್ನು ಇನ್ನಿಬ್ಬರಿಗೆ ಕಲಿಸಿರಬೇಕು, ಒಂದು ದದ್ದು ಎದ್ದರೂ ಮಾತು ಮುಗಿಯಿತು ಎಂದು ಷರತ್ತು ಹಾಕಿದರು. ಮ್ಯಾನೇಜರು ಒಂದು ದಿನದ ಪರೀಕ್ಷೆಗೆ ಒಪ್ಪಿದರು. ಅಂದೂ ತಟ್ಟೆಗಳು ವಾಪಸು ಬಂದರೆ ಮಾರನೆಯ ದಿನ ಉಗ್ರಾಣ.

ಆ ದಿನ ಗಡಿಯಾರದಯ್ಯ ಅಂಗಡಿ ತೆರೆಯಲೇ ಇಲ್ಲ. ಹಿಂಬಾಗಿಲ ಬಳಿ ಅದೇ ಚೀಲಗಳ ಪಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತ. ಅವಳು ಈರುಳ್ಳಿ ಬಾಡಿಸಿದಳು, ತರಕಾರಿ ಸುರಿದಳು, ಹನಿ ಅಂಗೈಗೆ ಬಿಟ್ಟು ನೆಕ್ಕಿದಳು. ಪ್ರತಿ ಸಲವೂ ಅವನು ಪುಡಿಯ ಡಬ್ಬದ ಕಡೆ ನೋಡಿದ, ಪುಡಿ ಇನ್ನೂ ಬಿದ್ದಿಲ್ಲ ಎಂದು ಗೊತ್ತಿದ್ದರೂ. ಹನ್ನೊಂದೂವರೆಗೆ ಅವಳು ಕೊನೆಯ ಹನಿ ನೋಡಿದಳು. ಕಣ್ಣು ಮುಚ್ಚಿ, ನಾಲಿಗೆಯನ್ನು ಬಾಯಲ್ಲೇ ಹೊರಳಿಸಿದಳು. ಇಷ್ಟು ಹೊತ್ತು ಅವಳು ಯಾವ ರುಚಿಯನ್ನೂ ನೋಡಿರಲಿಲ್ಲ. ಆಮೇಲೆ ಆ ಸೌಟನ್ನು ಬದಿಗಿಟ್ಟು, ಕೈ ತೊಳೆದು, ಮೂಗುಬಾಯಿಗೆ ಬಟ್ಟೆ ಕಟ್ಟಿ ದೂರ ಸರಿದಳು. ಎರಡನೇ ಅಡುಗೆಯವನು ಅಳೆದು ಕದಡಿಟ್ಟ ಪುಡಿಯ ನೀರನ್ನು ಸುರಿದ. ಹತ್ತು ನಿಮಿಷ ಗೋಡೆ ಗಡಿಯಾರವನ್ನು ಎಲ್ಲರೂ ನೋಡಿದರು. ಅದು ಎರಡು ನಿಮಿಷ ಮುಂದಿದೆ ಎಂದು ಗಡಿಯಾರದಯ್ಯನಿಗೆ ಗೊತ್ತಿತ್ತು, ಆದರೆ ಸುಮ್ಮನಿದ್ದ.

ಅವಳು ಒಂದು ಬಟ್ಟಲು ತುಂಬಿಸಿ ಅವನ ಮುಂದೆ ಇಡಿಸಿದಳು. ತಾನು ಎರಡು ಮಾರು ದೂರ ನಿಂತಳು.

"ಹೇಗಿದೆ?" ಎಂದಳು.

ಅವಳು ಯಾರಿಗೂ ಆ ಪ್ರಶ್ನೆ ಕೇಳಿದವಳಲ್ಲ. ಅವಳ ಅಡುಗೆ ಹೇಗಿದೆ ಎಂದು ತಿನ್ನುವವರಿಗಿಂತ ಮೊದಲು ಅವಳಿಗೇ ಗೊತ್ತಿರುತ್ತಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.

ಅವನು ತನ್ನ ಹಟ ಬದಿಗಿಟ್ಟು ಒಂದು ಚಮಚ ಬಾಯಿಗಿಟ್ಟ. ಎಷ್ಟೋ ತಿಂಗಳ ಮೇಲೆ ಆ ರುಚಿ ಬಂದು ಅವನ ಕಣ್ಣು ತುಂಬಿತು. ಅಮೃತ ಎನ್ನಬೇಕೆನಿಸಿತು. ಹಾಗಂದುಬಿಟ್ಟರೆ ಅವಳಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತಿಳಿಯದಿದ್ದರೆ ಇವತ್ತಲ್ಲ ನಾಳೆ, ಯಾರೂ ನೋಡದಾಗ, ಅವಳು ಸೌಟು ಅದ್ದೇ ಅದ್ದುತ್ತಾಳೆ. ಅವನಿಗೆ ತನ್ನ ನಾಲಿಗೆ ಭಾರವಾದಂತೆನಿಸಿತು.

"ಚೆನ್ನಾಗಿದೆ. ಆದ್ರೆ..."

"ಆದ್ರೆ?"

"ಉಪ್ಪು ಒಂಚೂರು ಮುಂದಿದೆ. ಬಾಯಲ್ಲಿದ್ದಾಗ ಗೊತ್ತಾಗಲ್ಲ, ನುಂಗಿದ ಮೇಲೆ ನೀರು ಕೇಳುತ್ತೆ. ಈರುಳ್ಳಿ ಸಿಹಿ ಮೊದಲು ಬರ್ತಿತ್ತಲ್ಲ, ಇದರಲ್ಲಿ ಆಮೇಲೆ ಬರುತ್ತೆ. ಮೆಣಸು ಸರಿ ಇದೆ. ಹಸಿ ವಾಸನೆ ಇಲ್ಲ."

ಎರಡನೇ ಅಡುಗೆಯವನು ಬಾಯಿ ತೆರೆದ. ಬಹುಶಃ ಪರವಾಗಿಲ್ಲ ಎನ್ನಲು. ಅವಳು ಕೈಯೆತ್ತಿ ತಡೆದಳು.

"ನುಂಗಿದ ಮೇಲೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಹಳೆಯ ದನಿಯಲ್ಲಿ, "ಎರಡು ಕೊಡ ಬಿಸಿನೀರು! ಬೆಂದ ಆಲೂಗಡ್ಡೆ ಒಂದು ಬುಟ್ಟಿ ಹಿಸುಕಿ ತನ್ನಿ. ಉರಿ ಏರ್ಸಿ!" ಎಂದು ಕೂಗಿದಳು.

ನೀರು ಬಿತ್ತು, ಆಲೂಗಡ್ಡೆ ಬಿತ್ತು, ಕೊಪ್ಪರಿಗೆ ಮತ್ತೆ ಕುದಿಯಿತು. ಆಚೆ ಊಟದ ಗಂಟೆ ಹೊಡೆದು, ಕಿಟಕಿಯ ಬಳಿ ತಟ್ಟೆಗಳ ಸದ್ದು ಶುರುವಾಗಿತ್ತು. ಅವಳು ಸೌಟು ಎತ್ತಿಕೊಂಡು ಕಲಕಿದಳು. ಇಪ್ಪತ್ತಾರು ವರ್ಷದ ರೂಢಿ, ಎಡ ಅಂಗೈ ತಾನೇ ಮೇಲೆ ಬಂದು ಸೌಟಿನ ಕೆಳಗೆ ಬಟ್ಟಲಾಯಿತು. ಒಂದು ಹನಿ ಅಂಚಿನಲ್ಲಿ ತೂಗಾಡುತ್ತಿತ್ತು. ಗಡಿಯಾರದಯ್ಯ ಕೂಗಲಿಲ್ಲ.

ಅವಳು ತನ್ನ ಅಂಗೈಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಅದನ್ನು ಸೀರೆಗೆ ಒರೆಸಿಕೊಂಡು, ಸೌಟನ್ನು ಅವನ ಕಡೆ ಚಾಚಿದಳು.

"ಕೈ ಕೊಡಿ ಇಲ್ಲಿ. ಬಿಸಿ ಇದೆ, ಜೋಪಾನ," ಎಂದಳು. "ಈಗ ಹೇಳಿ."

ಅವನು ಅಂಗೈ ಒಡ್ಡಿದ.